ಸುಕ್ಕುಗಟ್ಟಿದ ಬಾನೆಟ್: ಮನೆಯಲ್ಲೇ ರಿಪೇರಿಯಾದ ಒಂದು ಹಳೇ ಮಿನಿ ಟ್ರ್ಯಾಕ್ಟರ್‌ನ ಪ್ರಕರಣ

ಹಿನ್ನೆಲೆ

ಇದು ಪಾಂಡವಪುರ ತಾಲ್ಲೂಕಿನ ಒಂದು ರೈತರ ಮನೆಯಲ್ಲಿ ನಡೆದದ್ದು. ಊರಿನ ಹೆಸರು, ಮನೆಯವರ ಹೆಸರು ಬಿಟ್ಟಿದ್ದೇನೆ. ಹಿರಿಯರನ್ನು ಯಜಮಾನರು ಎನ್ನುತ್ತೇನೆ, ಅವರ ಹೆಂಡತಿಯನ್ನು ಅಮ್ಮ, ಮಗನನ್ನು ಹುಡುಗ. ಹುಡುಗನಿಗೆ 28 ದಾಟಿದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ವಾರದಲ್ಲಿ ಮೂರು ದಿನ ಊರಿಂದಲೇ ಮಾಡುತ್ತಾನೆ. ಆದರೂ ಊರಿಗೆಲ್ಲ ಅವನು ಹುಡುಗನೇ. ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಪಾಠ ಮಾಡಿ ರಿಟೈರ್ ಆದವನು. ಈ ಕೆಲಸದಲ್ಲಿ ಶುರುವಿನಿಂದ ಕೊನೆಯವರೆಗೂ ಜೊತೆಗಿದ್ದೆ. ಹಾಗಾಗಿ ಇಲ್ಲಿ ಆದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಟ್ರ್ಯಾಕ್ಟರ್ 2004ರಲ್ಲಿ ಕೊಂಡದ್ದು. ಕೆಂಪು ಬಣ್ಣ, 18.5 ಎಚ್‌ಪಿ, ಮೂರು ಸಿಲಿಂಡರ್ ಡೀಸೆಲ್ ಎಂಜಿನ್. ಹಿಪ್ಪುನೇರಳೆ ಸಾಲಿನ ನಡುವೆ, ತೆಂಗಿನ ತೋಟದ ಒಳಗೆ ಓಡಾಡಲು ಇಂಥ ಸಣ್ಣ ಗಾಡಿಯೇ ಬೇಕು. ದೊಡ್ಡದು ನುಗ್ಗಿದರೆ ರೆಂಬೆ ಮುರಿಯುತ್ತದೆ, ತಿರುಗಿಸಲು ಜಾಗ ಸಾಲುವುದಿಲ್ಲ. ಗದ್ದೆ ಕೆಲಸಕ್ಕೆ ದೊಡ್ಡ ಟ್ರ್ಯಾಕ್ಟರ್ ಬಂದ ಮೇಲೆ ಇದರ ಕಡೆ ಗಮನ ಕಡಿಮೆಯಾಯಿತು. ಒಂದು ದಿನ ಸ್ಟಾರ್ಟ್ ಆಗಲಿಲ್ಲ. ನಾಳೆ ನೋಡೋಣ ಅಂದರು. ಆ ನಾಳೆ ಬರಲು ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು, ವೈರನ್ನೆಲ್ಲ ಇಲಿ ತಿಂದಿತ್ತು.

ಗುಜರಿಯವರು ಬಂದು 38 ಸಾವಿರಕ್ಕೆ ಕೇಳಿದರು. ಯಜಮಾನರು ಹೂಂ ಅನ್ನುವುದರಲ್ಲಿದ್ದರು. ಹುಡುಗ ಬೇಡ ಅಂದ. ಅವನಿಗೆ ಅದನ್ನು ಶೋರೂಮಿನಿಂದ ಇಳಿಸಿದ ಹಾಗೆ ಮಾಡಬೇಕಿತ್ತು. ಅಪ್ಪನಿಗೆ ಅದು ತೋಟ ಉತ್ತರೆ ಸಾಕಿತ್ತು. ಒಂದೇ ಗಾಡಿ, ಎರಡು ಆಸೆ. ಮುಂದೆ ಆದ ಎಲ್ಲ ಎಳೆದಾಟಕ್ಕೂ ಬೇರು ಇಲ್ಲೇ ಇತ್ತು.

ಗಾಡಿ ಹೇಗಿತ್ತು

ಎಂಜಿನ್ ಬಿಗಿದುಕೊಂಡಿತ್ತು, ಕೈಯಲ್ಲಿ ತಿರುಗಿಸಿದರೂ ಅಲ್ಲಾಡಲಿಲ್ಲ. ನಾಜಲ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮ ಬೆರೆಸಿ ಬಿಟ್ಟೆವು. ಮೂರು ದಿನ ಸುಮ್ಮನಿದ್ದೆವು. ನಾಲ್ಕನೇ ದಿನ ಉದ್ದ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿದಾಗ ಬಿಟ್ಟುಕೊಟ್ಟಿತು. ಟ್ಯಾಂಕಿನ ಹಳೇ ಡೀಸೆಲ್‌ನಲ್ಲಿ ಅರ್ಧ ನೀರು. ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಪಂಪು ಮತ್ತು ನಾಜಲ್‌ಗಳನ್ನು ಮಂಡ್ಯದ ಪಂಪ್ ರಿಪೇರಿ ಅಂಗಡಿಗೆ ಕೊಟ್ಟು ತಂದೆವು. ಲೈನಿನ ಏರ್ ತೆಗೆದ ಮೇಲೆ ಗಾಡಿ ಕೆಮ್ಮಿ, ಬಿಳಿ ಹೊಗೆ ಉಗುಳಿ, ಕೊನೆಗೆ ಓಡಿತು. ಈ ಭಾಗ ನನಗೆ ಗೊತ್ತಿರುವ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ತಗಡಿನ ಕಥೆಯೇ ಬೇರೆ. ಎರಡು ಮಡ್‌ಗಾರ್ಡ್‌ಗಳಲ್ಲಿ ಎಡಗಡೆಯದು ಮಾತ್ರ ತೂತು ಬಿದ್ದಿತ್ತು, ಬಲಗಡೆಯದು ಗಟ್ಟಿ. ಯಾಕೆ ಹೀಗೆ ಅಂತ ಹುಡುಗ ತಲೆ ಕೆರೆದುಕೊಂಡ. ಅಮ್ಮ ನಿಂತಲ್ಲೇ ಹೇಳಿದರು, "ಗೊಬ್ಬರದ ಮೂಟೆ ಯಾವಾಗ್ಲೂ ಆ ಕಡೆಗೇ ತಾನೆ ಇಡ್ತಿದ್ದದ್ದು?" ಯೂರಿಯಾ, ಡಿಎಪಿ ಥರದ ಗೊಬ್ಬರಗಳೇ ಇದಕ್ಕೆ ಕಾರಣ. ಗಾಳಿಯ ತೇವ ಎಳೆದುಕೊಂಡು ತಗಡಿನ ಮೇಲೆ ನೀರಾಗಿ ಕೂರುತ್ತವೆ. ಸಾದಾ ನೀರಿಗಿಂತ ಗೊಬ್ಬರ ಕರಗಿದ ನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಬ್ಯಾಟರಿ ಕೂರುವ ತಟ್ಟೆ ಆಸಿಡ್ ಸೋರಿ ಹಾಳಾಗಿತ್ತು. ಗೇರ್‌ಬಾಕ್ಸ್, ಆಕ್ಸಲ್ ಥರದ ಎರಕದ ಭಾಗಗಳಿಗೆ ಮೇಲಷ್ಟೇ ತುಕ್ಕು.

ಬಾನೆಟ್ ಹೆಚ್ಚು ಕಡಿಮೆ ಚೆನ್ನಾಗಿತ್ತು. ಅದರ ಮುಂಭಾಗದಲ್ಲಿ ಹಳದಿ ಬಣ್ಣದಲ್ಲಿ ಮನೆದೇವರ ಹೆಸರು ಬರೆಸಿದ್ದರು. ಗಾಡಿ ಕೊಂಡ ವರ್ಷ ಹುಡುಗನ ತಾತ ಬರೆಸಿದ್ದು. ತಾತ ಈಗಿಲ್ಲ. ಈ ಬರಹದ ವಿಷಯ ಮುಂದೆ ಬರುತ್ತದೆ.

ಮೊದಲ ತೀರ್ಮಾನ: ಉಳುಮೆಯೋ ಬಣ್ಣವೋ

ಎಂಜಿನ್ ಓಡಿದ ದಿನವೇ ಹುಡುಗ ಬಣ್ಣಕ್ಕೆ ಕೈ ಹಾಕಲು ಹೊರಟ. ಯಜಮಾನರು ಬಿಡಲಿಲ್ಲ. "ಮೊದ್ಲು ತೆಂಗಿನ ತೋಟ ಒಂದರ್ಧ ಎಕರೆ ಉತ್ತು ನೋಡ್ಲಾ. ಆಮೇಲೆ ಸಿಂಗಾರ ಮಾಡೀವಂತೆ." ಹುಡುಗನಿಗೆ ಸಿಟ್ಟು ಬಂತು, ಆದರೂ ಉತ್ತ. ಸರಿಯಾದ ಭಾರ ಬಿದ್ದ ಮೇಲೆ ಎಲ್ಲ ಹೊರಬಂತು. ಹಿಂದಿನ ಎಡ ಚಕ್ರದ ಆಯಿಲ್ ಸೀಲ್ ಸೋರುತ್ತಿತ್ತು. ಹೈಡ್ರಾಲಿಕ್ ಪೈಪಿನ ಜಾಯಿಂಟಿನಲ್ಲೂ ಎಣ್ಣೆ ಜಿನುಗುತ್ತಿತ್ತು. ನಿಲ್ಲಿಸಿಕೊಂಡು ಓಡಿಸಿದಾಗ ಇವೆರಡೂ ಕಂಡಿರಲಿಲ್ಲ.

ಬಣ್ಣ ಮೊದಲು ಹೊಡೆದಿದ್ದರೆ ಎಣ್ಣೆ ಅದರ ಅಂಚಿನ ಕೆಳಗೆ ನುಗ್ಗುತ್ತಿತ್ತು. ಸೀಲ್ ಬದಲಿಸಲು ಚಕ್ರ ಇಳಿಸುವಾಗ ಹೊಸ ಬಣ್ಣ ಕಿತ್ತು ಬರುತ್ತಿತ್ತು. ಈ ಇಡೀ ಪ್ರಕರಣದಲ್ಲಿ ಸರಿಯಾದ ಹೊತ್ತಿಗೆ ಆದ ಸರಿಯಾದ ತೀರ್ಮಾನ ಅಂದರೆ ಇದು. ಅದು ನನ್ನದೂ ಅಲ್ಲ, ಹುಡುಗನದೂ ಅಲ್ಲ.

ಆಮೇಲೆ ತೊಳೆಯುವ ಕೆಲಸ. ಜಿಡ್ಡಿಗೆ ಮೊದಲು ಡೀಸೆಲ್ ಮತ್ತು ಬ್ರಶ್, ನಂತರ ಸೋಪಿನ ಪುಡಿ, ಕೊನೆಗೆ ಸರ್ವೀಸ್ ಸ್ಟೇಷನ್ನಿನ ನೀರು. ಬಾನೆಟ್, ಮಡ್‌ಗಾರ್ಡ್ ಬಿಚ್ಚಿ ಗ್ರೈಂಡರ್‌ಗೆ ತಂತಿ ಬ್ರಶ್ ಹಾಕಿ ತುಕ್ಕು ತೆಗೆದೆವು. ಆ ಬ್ರಶ್ಶಿನ ತಂತಿ ಚೂರುಗಳು ಸೂಜಿಯ ಹಾಗೆ ಹಾರುತ್ತವೆ. ಹುಡುಗನ ಅಂಗಿಯಲ್ಲಿ ನಾಲ್ಕು ಚುಚ್ಚಿಕೊಂಡಿದ್ದವು. ಕನ್ನಡಕ ಇಲ್ಲದಿದ್ದರೆ ಕಣ್ಣಿಗೇ. ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಂತ ತಗಡಿನ ಉಳಿದ ಬಣ್ಣವನ್ನು ನೀರು ಹಾಕಿಕೊಂಡೇ ಎಮರಿ ಕಾಗದದಲ್ಲಿ ಉಜ್ಜಿದೆವು. ಪಕ್ಕದಲ್ಲೇ ಹಿಪ್ಪುನೇರಳೆ ಗಿಡ. ಆ ಧೂಳು ಸೊಪ್ಪಿನ ಮೇಲೆ ಕೂತರೆ ಅದನ್ನು ತಿನ್ನುವ ರೇಷ್ಮೆ ಹುಳಕ್ಕೆ ಹೋಗುತ್ತದೆ.

ಆ ಓಘದಲ್ಲಿ ಹುಡುಗ ಬಾನೆಟ್ಟಿನ ಮೇಲಿದ್ದ ಮನೆದೇವರ ಹೆಸರನ್ನೂ ಉಜ್ಜಿಬಿಟ್ಟ. ಯಾರನ್ನೂ ಕೇಳಲಿಲ್ಲ, ಅಚ್ಚು ತೆಗೆದುಕೊಳ್ಳಲಿಲ್ಲ. ಸಂಜೆ ಅಮ್ಮ ಬಂದು ನೋಡಿದರು. ಏನೂ ಅನ್ನಲಿಲ್ಲ. ಆ ರಾತ್ರಿ ಊಟಕ್ಕೆ ನನ್ನನ್ನು ಕರೆಯಲಿಲ್ಲ.

ಸಮಸ್ಯೆ: ಹಬ್ಬ, ಹುಳ, ಮಳೆ

ಹುಡುಗ ಮನಸ್ಸಿನಲ್ಲೇ ಒಂದು ಗಡುವು ಹಾಕಿಕೊಂಡಿದ್ದ. ಆಯುಧಪೂಜೆ. ಮೈಸೂರು ದಸರಾ ಸೀಮೆಯಲ್ಲಿ ಆ ದಿನ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯದ ಮನೆ ಇಲ್ಲ. ಹೊಳೆಯುವ ಟ್ರ್ಯಾಕ್ಟರ್ ನಿಲ್ಲಿಸಿ ಅಮ್ಮನ ಕೈಯಲ್ಲಿ ಪೂಜೆ ಮಾಡಿಸಿದರೆ ಬಾನೆಟ್ಟಿನ ತಪ್ಪು ಕರಗೀತು ಅನ್ನುವುದು ಅವನ ಲೆಕ್ಕ. ಹಬ್ಬಕ್ಕೆ ಹನ್ನೆರಡು ದಿನ ಇತ್ತು.

ನಮ್ಮ ಕಡೆ ಮಳೆ ಜೋರಾಗುವುದೇ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಹಗಲು ಬಿಸಿಲು, ಸಂಜೆ ಮಳೆ, ಬೆಳಗ್ಗೆ ತೇವ. ಇನ್ನೊಂದು ಕಡೆ ಹುಳದ ಮನೆ. ಎರಡನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದ ಚಾಕಿ ಹುಳ, ಅಂದರೆ ಮರಿ ಹುಳ, ತಂದರೆ ಹಣ್ಣಾಗಿ ಗೂಡು ಕಟ್ಟಲು 20 ದಿನದ ಆಸುಪಾಸು ಬೇಕು. ಆಗ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳದ ಮನೆಗೂ ಗಾಡಿ ನಿಲ್ಲಿಸುವ ಶೆಡ್ಡಿಗೂ ನಡುವೆ ಒಂದೇ ಗೋಡೆ. ಹುಳಕ್ಕೆ ಹೊಗೆಸೊಪ್ಪಿನ ಘಾಟೂ ಆಗುವುದಿಲ್ಲ, ಔಷಧಿ ವಾಸನೆಯೂ ಆಗುವುದಿಲ್ಲ. "ಥಿನ್ನರ್ ಡಬ್ಬ ಇತ್ಲಾಗೆ ತರಂಗಿಲ್ಲ" ಅಂತ ಅಮ್ಮ ಖಡಕ್ಕಾಗಿ ಹೇಳಿದರು. ಅವರ ಮಾತು ಸರಿ ಇತ್ತು. ಆ ಬೆಳೆಯ ದುಡ್ಡಿನ ಮುಂದೆ ಟ್ರ್ಯಾಕ್ಟರಿನ ಬಣ್ಣ ಯಾವ ಲೆಕ್ಕ?

ಹಾಗಾಗಿ ಬಿಡಿ ಭಾಗಗಳನ್ನೆಲ್ಲ ಊರಾಚೆಯ ಕಣಕ್ಕೆ ಸಾಗಿಸಿ, ಮೇಲೆ ಟಾರ್ಪಾಲು ಕಟ್ಟಿದೆವು. ಹುಡುಗ ಹಾರ್ಡ್‌ವೇರ್ ಅಂಗಡಿಯಿಂದ ರೆಡ್ ಆಕ್ಸೈಡ್, ಅಂದರೆ ಬಣ್ಣಕ್ಕೆ ಮೊದಲು ತುಕ್ಕು ತಡೆಯಲು ಬಳಿಯುವ ಪ್ರೈಮರ್, ತಂದು ಬ್ರಶ್ಶಿನಲ್ಲಿ ಎರಡು ಕೋಟ್ ಬಳಿದ. ಗಟ್ಟಿಯಾಗಿರಲಿ ಅಂತ ದಪ್ಪಗೇ ಬಳಿದ. ಮಾರನೇ ದಿನ ಮುಟ್ಟಿ ನೋಡಿದರೆ ಕೈಗೆ ಅಂಟಲಿಲ್ಲ. ಒಣಗಿದೆ ಅಂದುಕೊಂಡೆವು.

ಮೂರನೇ ದಿನ ಪೇಂಟರ್ ಬಂದರು. ಕಾರುಗಳಿಗೆ ಹೊಡೆಯುವವರು, ಕೈ ಚೆನ್ನಾಗಿದೆ ಅಂತ ಹೆಸರು. ಕಂಪ್ರೆಸರ್, ಗನ್, ಪಿಯು (ಪಾಲಿಯುರೆಥೇನ್) ಪೇಂಟ್ ಎಲ್ಲ ತಂದಿದ್ದರು. ಬಾನೆಟ್ ಮುಟ್ಟಿ, "ಕೆಳಗೆ ಏನು ಹೊಡ್ದಿದ್ದೀರಿ?" ಅಂತ ಕೇಳಿದರು. ಹುಡುಗ "ಪ್ರೈಮರ್ ಅಣ್ಣ" ಅಂದ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಯಾವ ಪ್ರೈಮರ್ ಅಂತ ಅವರು ಕೇಳಲಿಲ್ಲ. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆ. ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಅವರ ಕೆಲಸ ಅವರಿಗೆ ಗೊತ್ತು ಅನ್ನುವ ಸಂಕೋಚ. "ಮೊದ್ಲು ಟೂಲ್‌ಬಾಕ್ಸ್ ಮುಚ್ಚಳಕ್ಕೆ ಹೊಡ್ದು ನೋಡೋಣ್ವಾ?" ಅಂತ ಅವರೇ ಕೇಳಿದರು. ಹುಡುಗ ಆಕಾಶ ನೋಡಿ, ಮಳೆ ಬರುತ್ತೆ ಅಣ್ಣ, ನೇರ ಶುರು ಮಾಡಿ ಅಂದ.

ಮೊದಲ ಕೋಟ್ ಕನ್ನಡಿಯ ಹಾಗೆ ಬಂತು. ಹುಡುಗ ಫೋಟೋ ತೆಗೆದುಕೊಂಡ. ಹತ್ತು ನಿಮಿಷಕ್ಕೆ ಅಂಚಿನಲ್ಲಿ ಸಣ್ಣ ಗೆರೆ ಕಂಡಿತು. ಅರ್ಧ ಗಂಟೆಯೊಳಗೆ ಇಡೀ ಬಾನೆಟ್ಟು ಆರಿದ ಹಾಲಿನ ಕೆನೆಯ ಥರ ಸುಕ್ಕುಗಟ್ಟಿತು. ಬೆರಳಿಟ್ಟರೆ ಕೆಂಪೂ ಅದರಡಿಯ ರೆಡ್ ಆಕ್ಸೈಡೂ ಒಟ್ಟಿಗೆ ಜಾರಿ ಬಂದವು.

ಯಾಕೆ ಹೀಗಾಯಿತು

ಹಾರ್ಡ್‌ವೇರ್ ಅಂಗಡಿಯ ಸಾದಾ ರೆಡ್ ಆಕ್ಸೈಡ್ ಎರಡು ಹಂತದಲ್ಲಿ ಒಣಗುತ್ತದೆ. ಮೊದಲು ಅದರಲ್ಲಿರುವ ಟರ್ಪೆಂಟೈನ್ ಹಾರಿಹೋಗುತ್ತದೆ. ಆಗಲೇ ಕೈಗೆ ಅಂಟದ ಹಾಗೆ ಆಗುವುದು. ಆಮೇಲೆ ಅದರೊಳಗಿನ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದು ಮೇಲಿನಿಂದ ಕೆಳಕ್ಕೆ ಆಗುವ ಕೆಲಸ. ದಪ್ಪಗೆ ಬಳಿದರೆ, ಹವೆ ತೇವವಿದ್ದರೆ, ವಾರಗಟ್ಟಲೆ ಬೇಕು. ನಮ್ಮದರಲ್ಲಿ ಮೇಲೆ ಸಿಪ್ಪೆ ಕಟ್ಟಿತ್ತು, ಒಳಗೆ ಹಸಿ ಇತ್ತು. ಪಿಯು ಬಣ್ಣದ ಥಿನ್ನರ್ ಟರ್ಪೆಂಟೈನ್‌ಗಿಂತ ಬಹಳ ಖಾರ. ಅದು ಸಿಪ್ಪೆಯೊಳಗೆ ಇಳಿದು ಹಸಿ ಪದರವನ್ನು ಉಬ್ಬಿಸಿತು. ಉಬ್ಬಿದ್ದಕ್ಕೆ ಹೋಗಲು ಜಾಗವಿಲ್ಲ, ಮಡಿಕೆ ಬಿತ್ತು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದಿದ್ದರೂ ಇದೇ ಆಗುತ್ತಿತ್ತು.

ಇದನ್ನು ಮೊದಲೇ ತಿಳಿಯಲು ಎರಡು ನಿಮಿಷ ಸಾಕಿತ್ತು. ಮೇಲೆ ಹೊಡೆಯುವ ಬಣ್ಣದ ಥಿನ್ನರನ್ನು ಹತ್ತಿಗೆ ಅದ್ದಿ, ಕೆಳಗಿನ ಪ್ರೈಮರ್ ಮೇಲೆ ಒಂದು ಮೂಲೆಯಲ್ಲಿ ಉಜ್ಜುವುದು. ಪ್ರೈಮರ್ ಮೆತ್ತಗಾದರೆ, ಹತ್ತಿಗೆ ಬಣ್ಣ ಬಂದರೆ, ಅದರ ಮೇಲೆ ಆ ಬಣ್ಣ ಹೊಡೆಯಬಾರದು. ಈ ಪರೀಕ್ಷೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾಫಿ ಕುಡಿಯುತ್ತಾ ಕೂತಿದ್ದೆ.

ಯಜಮಾನರು ಬಾನೆಟ್ಟಿನ ಸುತ್ತ ಒಂದು ಸುತ್ತು ಬಂದರು. "ದೇಶಕ್ಕೆಲ್ಲ ಓಟಿನ ಶಾಯಿ ಕಳ್ಸೋ ಊರು ನಮ್ ಮೈಸೂರು. ಒಂದ್ ಟ್ರ್ಯಾಕ್ಟರ್‌ಗೆ ಬಣ್ಣ ನಿಲ್ಲಿಸೋಕಾಗ್ಲಿಲ್ವಾ ಮೇಷ್ಟ್ರೇ?" 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಆ ಬಣ್ಣದ ಕಾರ್ಖಾನೆ 1962ರಿಂದ ಚುನಾವಣೆಗೆ ಶಾಯಿ ಮಾಡುತ್ತಿದೆ. ಆ ಶಾಯಿಯಲ್ಲಿರುವ ಬೆಳ್ಳಿಯ ಲವಣ ಚರ್ಮದ ಜೊತೆ ಸೇರಿಕೊಂಡುಬಿಡುತ್ತದೆ, ಅದಕ್ಕೇ ಅಳಿಸುವುದಿಲ್ಲ ಅಂತ ವಿವರಿಸಲು ಹೊರಟೆ. ಅವರ ಮುಖ ನೋಡಿ ಸುಮ್ಮನಾದೆ.

ತಿರುವು

ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ಎರಡು ದಾರಿ. ಎಲ್ಲ ಕೆರೆದು, ಬ್ರಶ್ಶಿನಲ್ಲಿ ಎನಾಮಲ್ ಬಳಿದು ಹಬ್ಬ ದಾಟಿಸುವುದು. ಇಲ್ಲವೇ ನಿಲ್ಲಿಸುವುದು. ಹುಡುಗ ಮೊದಲನೆಯದಕ್ಕೆ ಜೋತುಬಿದ್ದ. ಪೇಂಟರ್ ಕೂಡ, ಬೇಕಾದ್ರೆ ಮಾಡಿಕೊಡ್ತೀನಿ, ಆದ್ರೆ ಮಳೇಲಿ ನಾನು ಗ್ಯಾರಂಟಿ ಕೊಡಲ್ಲ ಅಂದರು. ಯಜಮಾನರು ಒಂದೇ ಮಾತು ಕೇಳಿದರು. "ಪೂಜೆ ಕಬ್ಬಿಣಕ್ಕೋ ಬಣ್ಣಕ್ಕೋ?"

ನಿಲ್ಲಿಸಿದೆವು. ಆಯುಧಪೂಜೆಯ ದಿನ ಬಾನೆಟ್ಟಿಲ್ಲದ, ರೆಡ್ ಆಕ್ಸೈಡ್ ಮೈಯ ಟ್ರ್ಯಾಕ್ಟರಿಗೆ ವಿಭೂತಿ ಬಳಿದು, ಚೆಂಡು ಹೂವಿನ ಹಾರ ಹಾಕಿದರು. ಊರವರು ನಕ್ಕರು. ಹುಡುಗ ಫೋಟೋ ತೆಗೆಯಲಿಲ್ಲ. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹೋಯಿತು, ಗದ್ದೆ ಕೊಯ್ಲು ಮುಗಿಯಿತು, ಸಂಕ್ರಾಂತಿಯ ಕಿಚ್ಚು ಹಾಯಿಸಿದ್ದೂ ಆಯಿತು. ಆಮೇಲೆ ಫೆಬ್ರವರಿಯಲ್ಲಿ, ಒಂದು ಬೆಳೆ ಮುಗಿದು ಇನ್ನೊಂದು ಚಾಕಿ ಬರುವ ಮೊದಲು, ಮತ್ತೆ ಕೂತೆವು.

ಎರಡನೇ ಸಲ

ಈ ಸಲ ಮೊದಲು ಕಾಗದದಲ್ಲಿ ಬರೆದೆವು. ತಗಡಿಗೆ ಒಂದು ಪದ್ಧತಿ, ಎರಕದ ಭಾಗಕ್ಕೆ ಇನ್ನೊಂದು. ಬಾನೆಟ್, ಮಡ್‌ಗಾರ್ಡ್‌ಗಳ ಹಳೇ ಪದರವನ್ನೆಲ್ಲ ಪೇಂಟ್ ರಿಮೂವರ್ ಹಾಕಿ ಬರಿ ತಗಡಿನವರೆಗೆ ತೆಗೆದು, ಎಪಾಕ್ಸಿ ಪ್ರೈಮರ್ ಹೊಡೆದು, ಮೇಲೆ ಪಿಯು. ಎಪಾಕ್ಸಿ ಗಾಳಿ ನಂಬಿಕೊಂಡು ಒಣಗುವುದಿಲ್ಲ, ಅದರೊಳಗೆ ಬೆರೆಸುವ ಹಾರ್ಡನರ್‌ನಿಂದಲೇ ಗಟ್ಟಿಯಾಗುತ್ತದೆ. ಖಾರ ಥಿನ್ನರ್ ಅದನ್ನು ಏಳಿಸುವುದಿಲ್ಲ. ಗೇರ್‌ಬಾಕ್ಸ್, ಆಕ್ಸಲ್‌ಗೆ ರೆಡ್ ಆಕ್ಸೈಡೂ ಸಾದಾ ಎನಾಮಲ್ಲೂ ಸಾಕು ಅಂತ ನಿರ್ಧರಿಸಿದೆವು. ತೋಟದಲ್ಲಿ ಕಲ್ಲು ತಾಗಿ ಎಗರಿದರೆ ಯಜಮಾನರೇ ಬ್ರಶ್ ಹಿಡಿದು ತೇಪೆ ಹಾಕಬಹುದು. ಪಿಯು ತೇಪೆ ಅಷ್ಟು ಸುಲಭವಲ್ಲ. ಸೈಲೆನ್ಸರ್‌ಗೆ ಬಿಸಿ ತಡೆಯುವ ಅಲ್ಯೂಮಿನಿಯಂ ಬಣ್ಣ. ರೇಡಿಯೇಟರ್ ರೆಕ್ಕೆಗೆ ಏನೂ ಇಲ್ಲ, ಅಲ್ಲಿ ಬಣ್ಣ ತುಂಬಿದರೆ ಎಂಜಿನ್ ಬಿಸಿಯಾಗುತ್ತದೆ. ಚಾಸಿಸ್ ನಂಬರ್, ಎಂಜಿನ್ ನಂಬರ್ ಮೇಲೆ ಟೇಪು. ಹುಡುಗನಿಗೆ ನಡುವೆ ಕಡು ನೀಲಿ ಹೊಡೆಸುವ ಆಸೆ ಬಂತು. ಆರ್‌ಸಿಯಲ್ಲಿ ಕೆಂಪು ಅಂತಿದೆ, ಅದಕ್ಕೆ ಆರ್‌ಟಿಓ ಆಫೀಸಿಗೆ ಅಲೆಯುವವರು ಯಾರು ಅಂದ ಮೇಲೆ ಆಸೆ ಹೋಯಿತು.

ಪೇಂಟರ್ ಅವರೇ. ಬೇರೆಯವರನ್ನು ಕರೆಯೋಣ ಅಂತ ಹುಡುಗ ಹೇಳಿದ್ದ. ಟೂಲ್‌ಬಾಕ್ಸ್ ಮುಚ್ಚಳಕ್ಕೆ ಹೊಡೆದು ನೋಡೋಣ ಅಂದವರು ಅವರೊಬ್ಬರೇ ಅಲ್ವಾ ಅಂತ ನಾನು ನೆನಪಿಸಿದೆ. ಅವರು ಎಂದಿನಂತೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಂದರು. ಪಿಯು ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಕರ್ಚೀಫು ಯಾತಕ್ಕೂ ಸಾಲದು. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮಾಸ್ಕೇ ಸರಿಯಾದದ್ದು. ನಮಗೆ ಸಿಕ್ಕದ್ದು ಡಬ್ಬಿ ಫಿಲ್ಟರಿನ ಮಾಸ್ಕ್, ಹಾಗಾಗಿ ಬಯಲಲ್ಲೇ, ಗಾಳಿಗೆ ಬೆನ್ನು ಮಾಡಿ ಹೊಡೆದರು. ಉಳಿದವರನ್ನು ಹತ್ತಿರ ಬಿಡಲಿಲ್ಲ.

ಹೊತ್ತನ್ನೂ ನೋಡಿಕೊಂಡೆವು. ಇಬ್ಬನಿ ಆರಿದ ಮೇಲೆ, ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆವರೆಗೆ. ಅದಾದ ಮೇಲೆ ತಗಡು ಕಾದು, ಬಣ್ಣ ಕೂರುವ ಮೊದಲೇ ಒಣಗಿ ಮರಳಿನ ಹಾಗೆ ಒರಟಾಗುತ್ತದೆ. ಕಂಪ್ರೆಸರಿನಲ್ಲಿ ಕೂತ ನೀರನ್ನು ಹೊರಬಿಟ್ಟು, ಎಪಾಕ್ಸಿಯನ್ನು ರಾತ್ರಿಯೆಲ್ಲ ಬಿಟ್ಟು, 400 ನಂಬರ್ ಕಾಗದದಲ್ಲಿ ಉಜ್ಜಿ, ತೆಳುವಾಗಿ ಒಂದು, ತುಂಬಾಗಿ ಎರಡು ಕೋಟ್. ಕೋಟ್‌ಗಳ ನಡುವೆ ಹದಿನೈದು ನಿಮಿಷ. ಹೊಡೆಯುವ ಮೊದಲು ಥಿನ್ನರ್ ಹತ್ತಿಯ ಪರೀಕ್ಷೆಯನ್ನು ಹುಡುಗನೇ ಮಾಡಿದ, ಮೂರು ಕಡೆ.

ಆಲೆಮನೆಯನ್ನು ಮಾತ್ರ ಮರೆತಿದ್ದೆವು. ಕಣದಿಂದ ಎರಡು ಹೊಲ ಆಚೆ ಬೆಲ್ಲ ಕಾಯಿಸಲು ಕಬ್ಬಿನ ಸಿಪ್ಪೆ ಉರಿ ಹಾಕಿದರು. ಗಾಳಿ ತಿರುಗಿ, ಬಾನೆಟ್ಟಿನ ಬಲಗಡೆ ಎಳ್ಳು ಚೆಲ್ಲಿದ ಹಾಗೆ ಮಸಿ ಕೂತಿತು. ಒಂದು ವಾರ ಬಿಟ್ಟು 1500 ನಂಬರ್ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಕಾಂಪೌಂಡ್ ತಿಕ್ಕಿದ ಮೇಲೆ ಹೋಯಿತು. ಎರಡು ಚುಕ್ಕೆ ಇನ್ನೂ ಇವೆ.

ಲೆಕ್ಕ

ಪಂಪು, ನಾಜಲ್‌ಗೆ 6,500 ರೂಪಾಯಿ. ಸೀಲು, ಪೈಪು 4,200. ಬ್ಯಾಟರಿ 5,000. ಮುಂದಿನ ಎರಡು ಟೈರು 5,400. ಮಡ್‌ಗಾರ್ಡ್ ಟಿಂಕರಿಂಗ್ 3,500. ಎರಡನೇ ಸಲದ ಬಣ್ಣ, ಕೂಲಿ, ಮಾಸ್ಕ್ ಸೇರಿ 14,500. ಮೊದಲ ಸಲ ಕೆರೆದು ಬಿಸಾಡಿದ್ದು 7,800. ಒಟ್ಟು 46,900. ಗುಜರಿಯವರು ಕೇಳಿದ್ದಕ್ಕಿಂತ ಜಾಸ್ತಿ ಖರ್ಚಾಯಿತು. ಆದರೆ ಮೂರು ಬೇಸಾಯದಿಂದ ತೋಟಕ್ಕೆ ಬಾಡಿಗೆ ಟಿಲ್ಲರ್ ಕರೆಸಿಲ್ಲ.

ಈಗ ಯಾರಾದರೂ ಇಂಥ ಕೆಲಸಕ್ಕೆ ಕರೆದರೆ ನಾನು ಬಣ್ಣ ಯಾವುದು ಅಂತ ಕೇಳುವುದಿಲ್ಲ. ಕೆಳಗೆ ಏನಿದೆ, ಅದನ್ನು ಹೊಡೆದು ಎಷ್ಟು ದಿನವಾಯಿತು, ಯಾವ ದಿನಕ್ಕೆ ಮುಗಿಯಬೇಕು ಅಂತ ಕೇಳುತ್ತೇನೆ. ಮೂರನೆಯದಕ್ಕೆ ಉತ್ತರವಾಗಿ ಹಬ್ಬದ ಹೆಸರೋ ಮದುವೆಯ ಹೆಸರೋ ಬಂದರೆ, ಬಿಡಿ ಭಾಗವೊಂದಕ್ಕೆ ಮೊದಲು ಹೊಡೆದು ನೋಡದೆ ಗನ್ ಎತ್ತಲು ಬಿಡುವುದಿಲ್ಲ. ಮತ್ತೆ, ಉಜ್ಜುವ ಮೊದಲು ಗಾಡಿಯ ಮೇಲಿರುವ ಪ್ರತಿ ಬರಹಕ್ಕೂ ಬಟರ್ ಪೇಪರ್ ಇಟ್ಟು ಅಚ್ಚು ತೆಗೆಸುತ್ತೇನೆ.

ಬಾನೆಟ್ಟಿನ ಬರಹ

ಮನೆದೇವರ ಹೆಸರು ಮತ್ತೆ ಬರೆಸುವುದು ಉಳಿದಿತ್ತು. ಹಳೇ ಆಲ್ಬಮ್ಮಿನಲ್ಲಿ 2004ರ ಪೂಜೆಯ ಒಂದು ಫೋಟೋ ಸಿಕ್ಕಿತು. ತಾತ ಬಾನೆಟ್ ಪಕ್ಕ ನಿಂತಿದ್ದಾರೆ, ಬರಹ ಓರೆಯಾಗಿ ಕಾಣುತ್ತದೆ. ಮಂಡ್ಯದಲ್ಲಿ ಬೋರ್ಡ್ ಬರೆಯುತ್ತಿದ್ದ ಹಿರಿಯರೊಬ್ಬರನ್ನು ಹುಡುಗ ಕರೆತಂದ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆ. ಕೈ ನಡುಗುತ್ತಿತ್ತು, ಬ್ರಶ್ ತಗಡಿಗೆ ತಾಗಿದ ಮೇಲೆ ನಡುಗಲಿಲ್ಲ. ಹಳದಿ ಎನಾಮಲ್‌ನಲ್ಲಿ ಒಂದು ಗಂಟೆಯಲ್ಲಿ ಬರೆದರು.

ಅಮ್ಮ ಬಂದು ನೋಡಿದರು. ಫೋಟೋ ನೋಡಿದರು. ಮತ್ತೆ ಬಾನೆಟ್ ನೋಡಿದರು. "ಇದು ಹಂಗಿಲ್ವಲ್ಲ."

ಹಳೆಯದರಲ್ಲಿ ದೇವರ ಹೆಸರಿನ ಕೆಳಗೆ 'ಪ್ರಶನ್ನ' ಅಂತಿತ್ತು. ಬರೆದವರ ಕೈತಪ್ಪು. ಈ ಹಿರಿಯರು ಅದನ್ನು ತಿದ್ದಿ 'ಪ್ರಸನ್ನ' ಅಂತ ಬರೆದಿದ್ದರು. "ಅಕ್ಷರ ತಪ್ಪು ಕಣಮ್ಮ, ನಾನೇ ಸರಿ ಮಾಡ್ದೆ" ಅಂದರು. "ಗೊತ್ತು ಕಣಪ್ಪ. ನಮ್ಮಾವ ಅದನ್ನೇ ಹದಿನೈದು ವರ್ಷ ಪೂಜೆ ಮಾಡಿದ್ರು" ಅಂದರು ಅಮ್ಮ.

ಹುಡುಗ ನನ್ನ ಮುಖ ನೋಡಿದ. ಅಳಿಸಿದರೆ ಕೆಳಗಿನ ಕೆಂಪು ಹೋಗುತ್ತಾ ಅನ್ನುವ ಭಯ ಅವನಿಗೆ. ಹೋಗುವುದಿಲ್ಲ. ಎನಾಮಲ್ ಇನ್ನೂ ಹಸಿ, ಅದಕ್ಕೆ ಟರ್ಪೆಂಟೈನ್ ಸಾಕು. ಪೂರ್ತಿ ಗಟ್ಟಿಯಾದ ಪಿಯುಗೆ ಟರ್ಪೆಂಟೈನ್ ಏನೂ ಮಾಡದು. ಬಟ್ಟೆಗೆ ಅದ್ದಿ ಅವನ ಕೈಗೇ ಕೊಟ್ಟೆ. ಅವನು ಮೊದಲು ಕೆಳಮೂಲೆಯಲ್ಲಿ, ಯಾರಿಗೂ ಕಾಣದ ಕಡೆ, ಒಂದು ಸಲ ಉಜ್ಜಿ ಬಟ್ಟೆ ತಿರುಗಿಸಿ ನೋಡಿದ. ಕೆಂಪು ಬಂದಿರಲಿಲ್ಲ. ಆಮೇಲೆ 'ಸ' ಒಂದನ್ನೇ ಒರೆಸಿದ. ಹಿರಿಯರು ಗೊಣಗುತ್ತಾ ಬ್ರಶ್ ಅದ್ದಿಕೊಂಡು, ಆ ಜಾಗದಲ್ಲಿ 'ಶ' ಬರೆದರು.